ಅಮೆರಿಕದ ಆರಂಭದ ಚರಿತ್ರೆಯನ್ನು ನಾನು ಮಕ್ಕಳಿಗೆ ಕಲಿಸಬಲ್ಲೆನೇ?

ಪ್ರಶ್ನೆ: ನಾವು ಮೈಸೂರಿನವರು. ಒಂಬತ್ತು ವರ್ಷಗಳಿಂದ ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯಲ್ಲಿದ್ದೇವೆ. 13 ವರ್ಷದ ಮಗಳು ಎಂಟನೆಯ ತರಗತಿ, 11 ವರ್ಷದ ಮಗ ಆರನೆಯ ತರಗತಿ. ಕಳೆದ ವರ್ಷದಿಂದ ಇಬ್ಬರಿಗೂ ಮನೆಯಲ್ಲೇ ಪಾಠ. ಎಂಜಿನಿಯರಿಂಗ್ ಓದಿದ ನನಗೆ ಗಣಿತ, ವಿಜ್ಞಾನ ಭಾರವಲ್ಲ. ತೊಡಕಾಗಿರುವುದು ಅಮೆರಿಕದ ಆರಂಭದ ಚರಿತ್ರೆ. ಕನ್ನಡ ಮಾಧ್ಯಮದಲ್ಲಿ ನಾನು ಓದಿದ್ದು ಪ್ಲಾಸಿ ಕದನ, ಟಿಪ್ಪು, ಗಾಂಧೀಜಿ. ಇಲ್ಲಿನದು ಏನೂ ಗೊತ್ತಿಲ್ಲ. ಸಿದ್ಧ ಪಾಠಗಳ ಸೆಟ್ ಒಂದನ್ನು ಕೊಂಡೆ. ಅದರಲ್ಲಿ ಗುಲಾಮರನ್ನು ‘ತೋಟದ ಕೆಲಸಗಾರರು’ ಎಂದು ಬರೆದಿದೆ. ಮಗಳು ‘ಅವರಿಗೆ ಸಂಬಳ ಎಷ್ಟಿತ್ತು?’ ಎಂದು ಕೇಳಿದಳು, ನಾನು ಮಾತು ಮರೆಸಿದೆ. ಇಲ್ಲಿನ ಮೂಲನಿವಾಸಿಗಳ ಬಗ್ಗೆ ಓದಿ ಮಗ ‘ಅವರೂ ಇಂಡಿಯನ್, ನಾವೂ ಇಂಡಿಯನ್, ಹಾಗಾದರೆ ನೆಂಟರೇ?’ ಎನ್ನುತ್ತಾನೆ. ಪರಿಚಯದ ಇನ್ನೊಬ್ಬ ತಾಯಿ ಈ ವಯಸ್ಸಿಗೆ ಒಳ್ಳೆಯದನ್ನಷ್ಟೇ ಹೇಳಿ ಎಂದರು. ನಮ್ಮ ಯಜಮಾನರು ಇಸವಿಗಳನ್ನು ಬಾಯಿಪಾಠ ಮಾಡಿಸು, ಇಲ್ಲದಿದ್ದರೆ ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಸಿಕ್ಕಿಬೀಳುತ್ತೇವೆ ಎನ್ನುತ್ತಾರೆ. ಈ ಒಂದು ವಿಷಯಕ್ಕಾಗಿ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಕಾನೂನಿನ ಭಯ; ಇನ್ನೊಂದು, ನನಗೇ ಗೊತ್ತಿಲ್ಲದ್ದನ್ನು ತಪ್ಪಾಗಿ ಹೇಳಿಬಿಟ್ಟೇನೇ ಎಂಬ ಭಯ. ಮೊದಲನೆಯದನ್ನು ಬೇಗ ಮುಗಿಸಿಬಿಡೋಣ, ಏಕೆಂದರೆ ಅದಕ್ಕೆ ಹೆಚ್ಚಿನ ಆಧಾರವಿಲ್ಲ.

ಪೆನ್ಸಿಲ್ವೇನಿಯಾದ ಮನೆಶಾಲೆ ಕಾನೂನು ಬೇರೆ ಅನೇಕ ರಾಜ್ಯಗಳದ್ದಕ್ಕಿಂತ ಬಿಗಿಯಾದದ್ದು, ನಿಜ. ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು, ವರ್ಷಕ್ಕೆ 180 ದಿನಗಳ ಪಾಠ ನಡೆಯಬೇಕು, ಓದಿದ ಪುಸ್ತಕಗಳ ಪಟ್ಟಿಯನ್ನೂ ಬರಹದ ಮಾದರಿಗಳನ್ನೂ ಫೈಲ್ ಮಾಡಿಡಬೇಕು, ಜೂನ್ 30ರೊಳಗೆ ಮೌಲ್ಯಮಾಪಕರ ದೃಢೀಕರಣ ಶಾಲಾ ಜಿಲ್ಲೆಯ ಕಚೇರಿಗೆ ತಲುಪಬೇಕು. ಕಲಿಸಬೇಕಾದ ವಿಷಯಗಳಲ್ಲಿ ಅಮೆರಿಕದ ಮತ್ತು ಪೆನ್ಸಿಲ್ವೇನಿಯಾದ ಚರಿತ್ರೆಯೂ ಸೇರಿದೆ. ಆದರೆ ಎಂಟನೆಯ ತರಗತಿಯಲ್ಲಿ ಕಾನೂನು ಕೇಳುವ ಪರೀಕ್ಷೆ ಓದು-ಬರಹ ಮತ್ತು ಗಣಿತಕ್ಕೆ ಮಾತ್ರ. ಚರಿತ್ರೆಗೆ ಪರೀಕ್ಷೆಯೇ ಇಲ್ಲ. ಇಂಥ ಇಸವಿಯಿಂದ ಇಂಥ ಇಸವಿಯವರೆಗೆ ‘ಮುಗಿಸಿರಬೇಕು’ ಎಂಬ ಪಟ್ಟಿಯೂ ಇಲ್ಲ. ಇಲ್ಲಿನ ಶಾಲೆಯಲ್ಲಿ ಹಲವು ವರ್ಷ ಸಮಾಜ ವಿಜ್ಞಾನ ಕಲಿಸಿ, ಆಮೇಲೆ ಮನೆಶಾಲೆಯ ಫೈಲುಗಳ ಮೌಲ್ಯಮಾಪನ ಮಾಡುತ್ತ ಬಂದವನಾಗಿ ಹೇಳುತ್ತೇನೆ: ಇಸವಿಗಳ ಪಟ್ಟಿಯನ್ನು ನಾನು ಎಂದೂ ಮಕ್ಕಳ ಬಾಯಿಂದ ಒಪ್ಪಿಸಿಕೊಂಡಿಲ್ಲ. ನಿಮ್ಮ ಯಜಮಾನರ ಆತಂಕ ನಮ್ಮ ಊರಿನ ಪಬ್ಲಿಕ್ ಪರೀಕ್ಷೆಯ ನೆನಪಿನಿಂದ ಬಂದದ್ದು. ಇಲ್ಲಿಗೆ ಅದು ಅನ್ವಯಿಸುವುದಿಲ್ಲ.

ಎರಡನೆಯ ಭಯಕ್ಕೆ ಬರೋಣ. ‘ನನಗೆ ಏನೂ ಗೊತ್ತಿಲ್ಲ’ ಎಂದು ಬರೆದಿದ್ದೀರಿ. ಈಸ್ಟ್ ಇಂಡಿಯಾ ಕಂಪನಿಯನ್ನು ನೀವು ಹೈಸ್ಕೂಲಿನಲ್ಲಿ ಓದಿದ್ದೀರಲ್ಲವೇ? ಹಾಗಾದರೆ ಬಾಸ್ಟನ್ ಬಂದರಿನ ಚಹಾದ ಕಥೆಯ ಅರ್ಧಭಾಗ ನಿಮಗೆ ಆಗಲೇ ಗೊತ್ತಿದೆ. ಇಲ್ಲಿನ ಬಹುಪಾಲು ತಂದೆತಾಯಂದಿರಿಗೆ ಗೊತ್ತಿಲ್ಲದ ಅರ್ಧಭಾಗ ಅದು. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಜನ ಪ್ರತಿಭಟನೆಯಾಗಿ ಸಮುದ್ರಕ್ಕೆ ಸುರಿದ 342 ಪೆಟ್ಟಿಗೆ ಚಹಾ ಕಂಪನಿಯ ಚಹಾ. ಬ್ರಿಟಿಷರು ಚಹಾದ ತೆರಿಗೆ ಏರಿಸಿದರು, ಜನ ಸಿಟ್ಟಿಗೆದ್ದರು ಎಂದು ಮಕ್ಕಳ ಪುಸ್ತಕಗಳು ಬರೆದುಬಿಡುತ್ತವೆ. ಅದು ತಪ್ಪು. ಪೌಂಡಿಗೆ ಮೂರು ಪೆನ್ಸ್ ಸುಂಕ 1767ರಿಂದಲೇ ಇತ್ತು. 1773ರ ಕಾಯಿದೆ ಚಹಾವನ್ನು ಅಗ್ಗ ಮಾಡಿತು. ಬಂಗಾಳದ 1770ರ ಕ್ಷಾಮ, ಯುದ್ಧದ ಖರ್ಚು, ಅಧಿಕಾರಿಗಳ ಲೂಟಿ ಇವುಗಳಿಂದ ದಿವಾಳಿಯ ಅಂಚಿಗೆ ಬಂದಿದ್ದ ಕಂಪನಿಯ ಗೋದಾಮುಗಳಲ್ಲಿ ಮಾರಾಟವಾಗದ ಚಹಾ ಕೊಳೆಯುತ್ತಿತ್ತು. ಅದನ್ನು ನೇರವಾಗಿ ಅಮೆರಿಕದಲ್ಲಿ ಮಾರಲು ಪಾರ್ಲಿಮೆಂಟ್ ಅನುಮತಿ ಕೊಟ್ಟಿತು. ಕಳ್ಳಸಾಗಣೆಯ ಡಚ್ ಚಹಾ ಮಾರುತ್ತಿದ್ದ ವರ್ತಕರ ಹೊಟ್ಟೆಯ ಮೇಲೆ ಹೊಡೆತ ಬಿತ್ತು. ನಮ್ಮ ಒಪ್ಪಿಗೆಯಿಲ್ಲದ ಸುಂಕವನ್ನು ಅಗ್ಗದ ಆಸೆ ತೋರಿಸಿ ನುಂಗಿಸುತ್ತಿದ್ದಾರೆ ಎಂಬ ಸಿಟ್ಟು ಅದರ ಜೊತೆ ಸೇರಿತು. ಫಿಲಡೆಲ್ಫಿಯಾದ ಜಾನ್ ಡಿಕಿನ್ಸನ್ ಅದೇ ವರ್ಷ ಬರೆದ ಕರಪತ್ರದಲ್ಲಿ, ಏಷ್ಯಾದಲ್ಲಿ ಈ ಕಂಪನಿ ಏನು ಮಾಡಿದೆ ನೋಡಿ, ನಾಳೆ ನಮಗೂ ಅದೇ ಗತಿ ಎಂಬರ್ಥದಲ್ಲಿ ಎಚ್ಚರಿಸಿದ. ಚಹಾ ಮಾತ್ರ ಚೀನಾದ್ದು. ಅಸ್ಸಾಮಿನ ತೋಟಗಳು ಆಗ ಇನ್ನೂ ಹುಟ್ಟಿರಲಿಲ್ಲ. ಮಕ್ಕಳು ‘ನಮ್ಮ ಚಹಾ’ ಎಂದು ಹಿಗ್ಗುವ ಮೊದಲು ಇದನ್ನು ಹೇಳಿಬಿಡಿ.

ಮೈಸೂರಿನವರೆಂದಮೇಲೆ ಕಾರ್ನ್‌ವಾಲಿಸ್‌ನ ಹೆಸರನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಸೋತು ಬ್ರಿಟಿಷ್ ಸೈನ್ಯವನ್ನು ಒಪ್ಪಿಸುವಾಗ ಮೈ ಹುಷಾರಿಲ್ಲವೆಂದು ತಾನು ಬಾರದೆ ಕೈಕೆಳಗಿನವನನ್ನು ಕಳಿಸಿದ ಸೇನಾಪತಿಯೇ, 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಗೆದ್ದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಪಡೆದವನು. ಅಮೆರಿಕದ ಪುಸ್ತಕದಲ್ಲಿ ಅವನ ಕಥೆ ಯಾರ್ಕ್‌ಟೌನಿಗೆ ಮುಗಿಯುತ್ತದೆ. ನಮ್ಮ ಪುಸ್ತಕದಲ್ಲಿ ಆಮೇಲೆ ಶುರುವಾಗುತ್ತದೆ. ಇನ್ನೊಂದು ಸಂಗತಿ ನಿಮ್ಮ ಮಗನಿಗಾಗಿ. 1782ರ ಏಪ್ರಿಲ್ 8ರಂದು, ನಿಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಡೆಲವೇರ್ ಕೊಲ್ಲಿಯಲ್ಲಿ, ಪೆನ್ಸಿಲ್ವೇನಿಯಾದ ಹಡಗೊಂದು ತನಗಿಂತ ಹೆಚ್ಚು ಫಿರಂಗಿಗಳಿದ್ದ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಅದರ ಕ್ಯಾಪ್ಟನ್ ಜೋಶುವಾ ಬಾರ್ನಿಗೆ ಆಗ 22 ವರ್ಷ. ಚುಕ್ಕಾಣಿ ಹಿಡಿದವನಿಗೆ, ನಾನು ಕೂಗಿ ಹೇಳಿದ್ದಕ್ಕೆ ತದ್ವಿರುದ್ಧವಾಗಿ ತಿರುಗಿಸು ಎಂದು ಮೊದಲೇ ಹೇಳಿಟ್ಟು, ಶತ್ರುವಿಗೆ ಕೇಳುವಂತೆ ಸುಳ್ಳು ಆಜ್ಞೆ ಕೂಗಿದನಂತೆ. ಆ ಹಡಗಿನ ಹೆಸರು ‘ಹೈದರ್ ಅಲಿ’. ಇಂಗ್ಲಿಷರನ್ನು ದಕ್ಷಿಣ ಭಾರತದಲ್ಲಿ ಅಲ್ಲಾಡಿಸುತ್ತಿದ್ದ ಮೈಸೂರಿನ ಹೈದರನ ಹೆಸರನ್ನೇ ಫಿಲಡೆಲ್ಫಿಯಾದವರು ಹಡಗಿಗಿಟ್ಟಿದ್ದರು.

ಊರಿನ ಅಭಿಮಾನಕ್ಕಾಗಿ ಇದನ್ನು ಹೇಳುತ್ತಿಲ್ಲ. ಪ್ರತಿ ಪಾಠಕ್ಕೂ ಭಾರತವನ್ನು ಎಳೆದು ತರಬೇಡಿ. ಸಂಬಂಧ ಇರುವ ಕಡೆ ಮಾತ್ರ ತನ್ನಿ. ನಾನು ಹೇಳಬಯಸುವುದು ಇಷ್ಟೇ: ಎರಡು ದಡಗಳಿಂದ ಒಂದೇ ನದಿಯನ್ನು ನೋಡಿದವರು ನೀವು. ಈ ವಯಸ್ಸಿನ ಮಕ್ಕಳಿಗೆ ಬೇಕಾದದ್ದು ಎಲ್ಲವನ್ನೂ ಬಲ್ಲ ಗುರುವಲ್ಲ, ಅವರೊಂದಿಗೆ ಕೂತು ಕಾಗದವನ್ನು ಓದುವ ದೊಡ್ಡವರು.

ಮಗನ ‘ನೆಂಟರೇ?’ ಎಂಬ ಪ್ರಶ್ನೆ ತಮಾಷೆಯದಲ್ಲ, ಅದೇ ಒಳ್ಳೆಯ ಮೊದಲ ಪಾಠ. ಏಷ್ಯಾ ಮುಟ್ಟಿದೆನೆಂದು ತಿಳಿದ ಕೊಲಂಬಸ್ ಇಟ್ಟ ತಪ್ಪು ಹೆಸರು ಐನೂರು ವರ್ಷ ಅಂಟಿಕೊಂಡಿತು. ನಮ್ಮ ಕಾಲದ ಕನ್ನಡ ಪಠ್ಯಗಳಲ್ಲಿ ಓದಿದ ‘ರೆಡ್ ಇಂಡಿಯನ್’ ಎಂಬ ಮಾತು ಇಲ್ಲಿ ಅವಮಾನದ್ದೆಂದು ಎಣಿಸಲ್ಪಡುತ್ತದೆ. ಮನೆಯಲ್ಲಿ ಅಜ್ಜಿ ತಾತ ಫೋನಿನಲ್ಲಿ ಹಾಗೆ ಹೇಳಿದರೆ ಮೆಲ್ಲಗೆ ತಿದ್ದಿ. ಆಯಾ ಜನರ ಹೆಸರಿನಿಂದಲೇ ಕರೆಯುವುದು ಸರಿ: ನೀವಿರುವ ನೆಲ ಲೆನಾಪೆಗಳದ್ದು, ಇಂಗ್ಲಿಷ್ ವಲಸಿಗರು ನೆಲೆಯೂರಿದ ಪ್ಲಿಮತ್‌ನದು ವಾಂಪನೋವಾಗ್‌ರದ್ದು. ಲೆನಾಪೆಗಳಿಗೆ ಇಂಗ್ಲಿಷರು ಇಟ್ಟ ‘ಡೆಲವೇರ್’ ಎಂಬ ಹೆಸರೂ ಅವರದ್ದಲ್ಲ. ವರ್ಜೀನಿಯಾದ ಗವರ್ನರ್ ಆಗಿದ್ದ ಲಾರ್ಡ್ ಡೆ ಲಾ ವಾರ್‌ನದ್ದು.

ಪಾಠದ ಸೆಟ್ಟುಗಳು ಏಕೆ ಹೀಗಿರುತ್ತವೆ ಎಂಬುದನ್ನು ತಿಳಿದರೆ ನಿಮ್ಮ ಗೊಂದಲ ಅರ್ಧ ಇಳಿಯುತ್ತದೆ. ಇಲ್ಲಿನ ಆರಂಭದ ಚರಿತ್ರೆ ಬಹುಕಾಲ ಚರಿತ್ರೆಯಾಗಿ ಬರೆಯಲ್ಪಡಲಿಲ್ಲ, ಒಳ್ಳೆಯ ಪ್ರಜೆಗಳನ್ನು ತಯಾರಿಸುವ ನೀತಿಕಥೆಯಾಗಿ ಬರೆಯಲ್ಪಟ್ಟಿತು. ವಾಷಿಂಗ್ಟನ್ ಚೆರಿ ಮರ ಕಡಿದು ತಪ್ಪೊಪ್ಪಿಕೊಂಡ ಕಥೆಯನ್ನು ಪ್ರಚಾರಕ್ಕೆ ತಂದವನು ಅವನ ಸಾವಿನ ನಂತರ ಜೀವನಚರಿತ್ರೆ ಬರೆದ ಪಾದ್ರಿ ವೀಮ್ಸ್. ಬೆಟ್ಸಿ ರಾಸ್ ಮೊದಲ ಧ್ವಜ ಹೊಲಿದ ಕಥೆಯನ್ನು ಅವಳ ಮೊಮ್ಮಗ ಹೇಳಿದ್ದು 1870ರಲ್ಲಿ, ಸುಮಾರು ನೂರು ವರ್ಷಗಳ ಆಮೇಲೆ. ಥ್ಯಾಂಕ್ಸ್‌ಗಿವಿಂಗ್ ರಾಷ್ಟ್ರೀಯ ಆಚರಣೆಯಾಗಿ ನೆಲೆಯಾದದ್ದು ಲಿಂಕನ್ 1863ರಲ್ಲಿ, ಅಂತರ್ಯುದ್ಧದ ನಡುವೆ ಹೊರಡಿಸಿದ ಘೋಷಣೆಯಿಂದ. ಒಡೆದ ದೇಶಕ್ಕೆ ಒಟ್ಟಿಗೆ ಕೂತು ಉಣ್ಣುವ ಚಿತ್ರ ಬೇಕಾಗಿತ್ತು. ಇದರ ಮೇಲೆ, ಮನೆಶಾಲೆಯ ಪಠ್ಯಗಳ ಮಾರುಕಟ್ಟೆಯಲ್ಲಿ ಪುಸ್ತಕ ಆರಿಸುವವರು ತಂದೆತಾಯಂದಿರೇ ಆದ್ದರಿಂದ, ಪ್ರಕಾಶಕರು ಅವರ ನಂಬಿಕೆಗೆ ಒಗ್ಗುವಂತೆ ಬರೆಯುತ್ತಾರೆ. ಕೆಲವು ಸೆಟ್ಟುಗಳಲ್ಲಿ ಇಡೀ ಚರಿತ್ರೆ ದೇವರ ಯೋಜನೆ. ಕೆಲವದರಲ್ಲಿ ಇಡೀ ಚರಿತ್ರೆ ಅಪರಾಧಗಳ ಪಟ್ಟಿ. ಎರಡರಲ್ಲೂ ಮಗು ಯೋಚಿಸುವ ಕೆಲಸವನ್ನು ಪುಸ್ತಕವೇ ಮಾಡಿ ಮುಗಿಸಿರುತ್ತದೆ.

ಥ್ಯಾಂಕ್ಸ್‌ಗಿವಿಂಗ್‌ನ ಮೂಲವೆಂದು ಹೇಳಲಾಗುವ, ಪ್ಲಿಮತ್ ವಲಸಿಗರ 1621ರ ಊಟದ ಬಗ್ಗೆ ನೇರವಾಗಿ ಬರೆದ ಬರಹ ಎಷ್ಟು ಚಿಕ್ಕದೆಂದರೆ, ಆ ವಲಸಿಗರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್‌ಲೋನ ಪತ್ರದ ಆ ಭಾಗ ಒಂದು ಪ್ಯಾರಾ ಮಾತ್ರ. ವಾಂಪನೋವಾಗ್‌ರ ನಾಯಕ ಮ್ಯಾಸಸಾಯ್ಟ್ ಸುಮಾರು 90 ಜನರೊಂದಿಗೆ ಬಂದ, ಮೂರು ದಿನ ಸತ್ಕಾರ ನಡೆಯಿತು, ಅವರು ಐದು ಜಿಂಕೆ ಬೇಟೆಯಾಡಿ ತಂದರು ಎಂದಿದೆ. ಕರೆದಿದ್ದರೇ, ತಾವೇ ಬಂದರೇ? ಪತ್ರ ಹೇಳುವುದಿಲ್ಲ. ಈ ಪ್ಯಾರಾವನ್ನು ಮಕ್ಕಳ ಮುಂದಿಟ್ಟು, ಪಕ್ಕದಲ್ಲಿ ಟಿಸ್ಕ್ವಾಂಟಮ್‌ನ ಬದುಕನ್ನು ಹೇಳಿ. ಮಕ್ಕಳ ಪುಸ್ತಕದ ‘ಸ್ಕ್ವಾಂಟೊ’, ಜೋಳ ಬಿತ್ತುವುದನ್ನು ಕಲಿಸಿದ ಒಳ್ಳೆಯ ಸ್ನೇಹಿತ, ಇವನೇ. 1614ರಲ್ಲಿ ಇಂಗ್ಲಿಷ್ ಕ್ಯಾಪ್ಟನ್ನೊಬ್ಬ ಅವನನ್ನು ಅಪಹರಿಸಿ ಸ್ಪೇನಿನಲ್ಲಿ ಮಾರಲು ಒಯ್ದ. ಹೇಗೋ ಲಂಡನ್ನಿಗೆ ಹೋಗಿ, 1619ರಲ್ಲಿ ಊರಿಗೆ ಮರಳಿದರೆ ಪಟಕ್ಸೆಟ್ ಎಂಬ ಅವನ ಊರಿನ ಜನ ರೋಗದಿಂದ ಸತ್ತು ಊರೇ ಬರಿದಾಗಿತ್ತು. ಮರುವರ್ಷ ವಲಸಿಗರು ನೆಲೆಯೂರಿದ್ದು ಆ ಖಾಲಿ ಊರಿನ ಮೇಲೆಯೇ. ಅವನಿಗೆ ಇಂಗ್ಲಿಷ್ ಬರುತ್ತಿದ್ದುದು ಏಕೆ ಎಂದು ನಿಮ್ಮ ಮಗ ತಾನಾಗಿಯೇ ಕೇಳುತ್ತಾನೆ. ಮ್ಯಾಸಸಾಯ್ಟ್‌ನ ಮಗ ಮೆಟಕಾಮ್ 1675ರಲ್ಲಿ ಅದೇ ವಲಸಿಗರ ಮಕ್ಕಳ ವಿರುದ್ಧ ಯುದ್ಧಕ್ಕಿಳಿದ ಎಂಬಲ್ಲಿಗೆ ಈ ಪಾಠ ಮುಟ್ಟಿದರೆ ಸಾಕು.

ಮಗಳು ಕೇಳಿದ ಸಂಬಳದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬೇಡಿ. ಸಂಬಳ ಇರಲಿಲ್ಲ, ಅವರನ್ನು ಕೊಳ್ಳುತ್ತಿದ್ದರು, ಮಾರುತ್ತಿದ್ದರು, ಅವರಿಗೆ ಹುಟ್ಟಿದ ಮಕ್ಕಳೂ ಯಜಮಾನನ ಸ್ವತ್ತಾಗುತ್ತಿದ್ದರು ಎಂದು ನೇರವಾಗಿ ಹೇಳಿ. 1619ರ ಆಗಸ್ಟ್‌ನಲ್ಲಿ ವರ್ಜೀನಿಯಾಕ್ಕೆ ಬಂದ ಹಡಗಿನಿಂದ ‘ಇಪ್ಪತ್ತು ಚಿಲ್ಲರೆ’ ಆಫ್ರಿಕನ್ನರನ್ನು ಆಹಾರ ಸಾಮಗ್ರಿ ಕೊಟ್ಟು ಕೊಂಡರು ಎಂದು ಅಲ್ಲಿನ ವಲಸಿಗ ಜಾನ್ ರಾಲ್ಫ್ ಬರೆದಿದ್ದಾನೆ. ಆ ‘ಚಿಲ್ಲರೆ’ಯ ಮೇಲೆ ಮಗಳನ್ನು ಒಂದು ಹತ್ತು ನಿಮಿಷ ನಿಲ್ಲಿಸಿ. ಎಷ್ಟು ಜನರೆಂದು ಎಣಿಸುವುದೂ ಬೇಡವೆನಿಸಿದ್ದು ಯಾವುದರಿಂದ? ಅದೇ ಬೇಸಿಗೆಯಲ್ಲಿ, ಕೆಲವೇ ವಾರಗಳ ಹಿಂದೆ, ಅದೇ ವರ್ಜೀನಿಯಾದಲ್ಲಿ ಚುನಾಯಿತ ಪ್ರತಿನಿಧಿಗಳ ಮೊದಲ ಸಭೆ ಸೇರಿತ್ತು. ಇವೆರಡನ್ನೂ ಒಂದೇ ಪುಟದಲ್ಲಿ ಬರೆಯಿರಿ. ಬೇರೆ ಬೇರೆ ಅಧ್ಯಾಯಗಳಿಗೆ ಹಾಕಬೇಡಿ.

‘ಒಳ್ಳೆಯದನ್ನಷ್ಟೇ ಹೇಳಿ’ ಎಂದ ತಾಯಿಯ ಮಾತಿನಲ್ಲೂ ಒಂದು ಹುರುಳಿದೆ. 11ರ ಮಗುವಿಗೂ 13ರ ಮಗುವಿಗೂ ಒಂದೇ ಪ್ರಮಾಣದ ಕ್ರೌರ್ಯ ತೋರಿಸುವ ಅಗತ್ಯವಿಲ್ಲ. ಮಗನಿಗೆ ಮನೆಮಂದಿಯನ್ನು ಅಗಲಿಸಿ ಮಾರುತ್ತಿದ್ದರು, ಹೊಡೆಯುತ್ತಿದ್ದರು ಎಂಬುದು ಸಾಕು. ಮಗಳಿಗೆ ಕಾನೂನು, ಲಾಭ, ಹೆಂಗಸರ ಮೇಲಿನ ದೌರ್ಜನ್ಯ ಇಷ್ಟನ್ನೂ ಅಳೆದು ಹೇಳಬಹುದು. ಒಂದನ್ನು ಮಾತ್ರ ಮಾಡಲೇಬೇಡಿ: ಗುಲಾಮರ ಹರಾಜನ್ನೋ ಹಡಗಿನ ಪಯಣವನ್ನೋ ಮಕ್ಕಳಿಂದ ಅಭಿನಯ ಮಾಡಿಸುವುದು. ಇಂಥದ್ದೊಂದು ‘ಚಟುವಟಿಕೆ’ ನಡೆದ ಗುಂಪಿನ ಮಗುವೊಂದು ವರ್ಷಾಂತ್ಯದಲ್ಲಿ ನನ್ನ ಮುಂದೆ ಕೂತಾಗ, ಚರಿತ್ರೆ ಎಂದೊಡನೆ ತಲೆ ತಗ್ಗಿಸಿತ್ತು. ಅದಕ್ಕೆ ನೆನಪಿದ್ದದ್ದು ಗೆಳೆಯರು ನಕ್ಕದ್ದೊಂದೇ.

ಅದರ ಬದಲು ಒಬ್ಬ ವ್ಯಕ್ತಿಯನ್ನು ಹಿಡಿಯಿರಿ. ಫಿಲಡೆಲ್ಫಿಯಾ ರಾಜಧಾನಿಯಾಗಿದ್ದಾಗ ವಾಷಿಂಗ್ಟನ್ ಇದ್ದ ಮನೆಯ ಜಾಗ ಲಿಬರ್ಟಿ ಬೆಲ್ ಎಂಬ ಐತಿಹಾಸಿಕ ಗಂಟೆ ಇರುವ ಕಟ್ಟಡದ ಪಕ್ಕದಲ್ಲೇ ಇದೆ. ಆ ಮನೆಯಲ್ಲಿ ಅವನ ಕುಟುಂಬದ ಒಂಬತ್ತು ಗುಲಾಮರಿದ್ದರು. ಪೆನ್ಸಿಲ್ವೇನಿಯಾದ 1780ರ ಕಾನೂನಿನಂತೆ ಹೊರರಾಜ್ಯದವರ ಗುಲಾಮರು ಆರು ತಿಂಗಳು ಇಲ್ಲಿ ಉಳಿದರೆ ಬಿಡುಗಡೆ ಕೇಳಬಹುದಿತ್ತು. ಆ ಅವಧಿ ತುಂಬದಂತೆ ವಾಷಿಂಗ್ಟನ್ ಅವರನ್ನು ಆಗಾಗ ರಾಜ್ಯದ ಹೊರಗೆ ಕಳಿಸಿ ಕರೆತರುತ್ತಿದ್ದ. 1796ರ ಮೇ ತಿಂಗಳ ಒಂದು ಸಂಜೆ ಯಜಮಾನರು ಊಟಕ್ಕೆ ಕೂತಿದ್ದಾಗ ಓನಾ ಜಡ್ಜ್ ಎಂಬ ಯುವತಿ ಮನೆಬಿಟ್ಟು ಹೋಗಿ, ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಅವಳನ್ನು ಹಿಡಿದುಕೊಟ್ಟವರಿಗೆ ಹತ್ತು ಡಾಲರ್ ಎಂಬ ಪತ್ರಿಕಾ ಜಾಹೀರಾತು ಉಳಿದಿದೆ. ಸುಮಾರು ಐವತ್ತು ವರ್ಷಗಳ ನಂತರ, ಮುದುಕಿಯಾದಾಗ ಅವಳು ಕೊಟ್ಟ ಸಂದರ್ಶನವೂ ಉಳಿದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಮಗಳಿಗೆ ಓದಲು ಕೊಡಿ. ವಾಷಿಂಗ್ಟನ್ ದೊಡ್ಡವನೇ, ಕೆಟ್ಟವನೇ ಎಂದು ತೀರ್ಪು ಕೇಳಬೇಡಿ. ಈ ಜಾಹೀರಾತು ಬರೆಸಿದವರಿಗೆ ಯಾವುದು ಅರ್ಥವಾಗಿರಲಿಲ್ಲ ಎಂದು ಕೇಳಿ.

ದಾಖಲೆಯೊಂದನ್ನು ಓದುವುದು ಹೇಗೆಂದು ಕಲಿಸಲು ನನಗೆ ಹೆಚ್ಚು ಒದಗಿಬಂದದ್ದು ಪಾಲ್ ರಿವೀರ್ 1770ರಲ್ಲಿ ಅಚ್ಚು ಹಾಕಿದ ಬಾಸ್ಟನ್ ಹತ್ಯಾಕಾಂಡದ, ಅಂದರೆ ಬ್ರಿಟಿಷ್ ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿದ ಘಟನೆಯ ಚಿತ್ರ. ಮೊದಲು ಏನನ್ನೂ ಹೇಳದೆ ಐದು ನಿಮಿಷ ನೋಡಲು ಬಿಡಿ. ಸೈನಿಕರು ಸಾಲಾಗಿ ನಿಂತು ಒಟ್ಟಿಗೆ ಗುಂಡು ಹಾರಿಸುತ್ತಿದ್ದಾರೆ, ಹಿಂದೆ ಕ್ಯಾಪ್ಟನ್ ಕತ್ತಿ ಎತ್ತಿದ್ದಾನೆ, ಎದುರಿಗೆ ಬರಿಗೈಯ ಸಭ್ಯ ಜನ, ಮುಂದೆ ಒಂದು ಪುಟ್ಟ ನಾಯಿ. ಸುಂಕದ ಕಚೇರಿಯ ಮೇಲೆ ‘ಕಟುಕರ ಮನೆ’ ಎಂಬ ಫಲಕ. ಆಮೇಲೆ ವಿಚಾರಣೆಯ ಸಾಕ್ಷ್ಯಗಳ ಒಂದೆರಡು ಪುಟ ಕೊಡಿ: ರಾತ್ರಿ ಒಂಬತ್ತರ ಹೊತ್ತು, ನೆಲದ ಮೇಲೆ ಹಿಮ, ಜನ ಮಂಜಿನ ಗಡ್ಡೆ, ದೊಣ್ಣೆ ಎಸೆಯುತ್ತಿದ್ದರು, ಗುಂಡುಗಳು ಬಿಡಿಬಿಡಿಯಾಗಿ ಹಾರಿದವು. ಸತ್ತ ಐವರಲ್ಲಿ ಒಬ್ಬ ಕ್ರಿಸ್ಪಸ್ ಅಟಕ್ಸ್, ಆಫ್ರಿಕನ್ ಮತ್ತು ಮೂಲನಿವಾಸಿ ವಂಶದವನು. ಚಿತ್ರದಲ್ಲಿ ಅವನನ್ನು ಹುಡುಕಲು ಹೇಳಿ. ಸೈನಿಕರ ಪರ ವಾದಿಸಿದ ವಕೀಲ ಜಾನ್ ಆಡಮ್ಸ್, ಮುಂದೆ ದೇಶದ ಎರಡನೆಯ ಅಧ್ಯಕ್ಷನಾದವನು. ಎಂಟು ಸೈನಿಕರಲ್ಲಿ ಆರು ಮಂದಿ ಬಿಡುಗಡೆಯಾದರು. ಕಲಾವಿದ ಸುಳ್ಳು ಹೇಳಿದನೇ, ಸಿಟ್ಟನ್ನು ಬರೆದನೇ ಎಂದು ಅಕ್ಕ ತಮ್ಮ ಜಗಳವಾಡಿದರೆ ನಿಮ್ಮ ಪಾಠ ಗೆದ್ದಂತೆ.

ನೀವಿರುವ ಕೌಂಟಿಯದೇ ಒಂದು ಪಾಠ ಇದೆ, ಅದನ್ನು ಬಿಟ್ಟರೆ ನಷ್ಟ. 1737ರಲ್ಲಿ ಪೆನ್ಸಿಲ್ವೇನಿಯಾದ ಸ್ಥಾಪಕ ವಿಲಿಯಂ ಪೆನ್‌ನ ಮಕ್ಕಳು ಹಳೆಯದೊಂದು ಕರಾರನ್ನು ತೋರಿಸಿ, ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆದಷ್ಟು ನೆಲ ನಮ್ಮದು ಎಂದರು. ಲೆನಾಪೆಗಳ ಎಣಿಕೆಯಲ್ಲಿ ನಡಿಗೆಯೆಂದರೆ ನಡಿಗೆ: ನಿಂತು, ಉಂಡು, ಮಾತಾಡಿಕೊಂಡು ಸಾಗುವುದು. ಪೆನ್‌ನವರು ಮೊದಲೇ ದಾರಿ ಕಡಿಸಿ, ಮೂವರು ಚುರುಕಿನವರನ್ನು ಗೊತ್ತುಮಾಡಿ, ರೈಟ್ಸ್‌ಟೌನ್‌ನಿಂದ ಹೊರಡಿಸಿದರು. ಕೊನೆಗೆ ಉಳಿದ ಎಡ್ವರ್ಡ್ ಮಾರ್ಷಲ್ 60 ಮೈಲಿಗೂ ಹೆಚ್ಚು ದೂರ ಹೋಗಿ ಬಿದ್ದ. ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹತ್ತಿರದ ಕಾಲುದಾರಿಯಲ್ಲಿ ಒಂದು ಗಂಟೆ ಮಾಮೂಲಾಗಿ ನಡೆಯಿರಿ, ದೂರ ಅಳೆಯಿರಿ, ಹದಿನೆಂಟು ಗಂಟೆಗೆ ಗುಣಿಸಿ, ಊಟ ಮತ್ತು ವಿಶ್ರಾಂತಿಯ ಹೊತ್ತನ್ನು ಕಳೆಯಿರಿ, ನಕ್ಷೆಯ ಮೇಲೆ ಎರಡು ಗೆರೆ ಎಳೆಯಿರಿ. ನೀವು ಎಂಜಿನಿಯರ್, ಈ ಪಾಠವನ್ನು ನನಗಿಂತ ಚೆನ್ನಾಗಿ ಮಾಡುತ್ತೀರಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಕೊಂಡ ಸೆಟ್ಟನ್ನು ಎಸೆಯಬೇಕಾಗಿಲ್ಲ. ಕಾಲಾನುಕ್ರಮಕ್ಕೆ ಅದು ಬೆನ್ನೆಲುಬಾಗಲಿ, ‘ಕೆಲಸಗಾರರು’ ಎಂಬ ಪುಟವನ್ನೇ ಒಂದು ದಾಖಲೆಯಂತೆ ಮಕ್ಕಳೊಂದಿಗೆ ಓದಿ. ಮುಂದೆ ಹೊಸದನ್ನು ಕೊಳ್ಳುವ ಮೊದಲು 1619, ಮೆಟಕಾಮ್‌ನ ಯುದ್ಧ, ಗುಲಾಮರನ್ನು ಜನಸಂಖ್ಯೆಯಲ್ಲಿ ಐದಕ್ಕೆ ಮೂರರಂತೆ ಎಣಿಸಿದ ಸಂವಿಧಾನದ ಲೆಕ್ಕ ಈ ಮೂರು ಕಡೆ ಪುಟ ತಿರುಗಿಸಿ ನೋಡಿ; ಪುಸ್ತಕದ ಬಣ್ಣ ತಿಳಿಯುತ್ತದೆ. ಪೂರ್ತಿ ನೀವೇ ಗ್ರಂಥಾಲಯದ ಪುಸ್ತಕಗಳಿಂದ ಕಟ್ಟಿದರೆ ಖರ್ಚಿಲ್ಲ, ಆದರೆ ಫೆಬ್ರವರಿಯ ಹೊತ್ತಿಗೆ ತಾಯಿ ಸುಸ್ತಾಗಿ ಗಣಿತವೊಂದೇ ಉಳಿದ ಮನೆಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಹಲವು ಕುಟುಂಬಗಳು ಸೇರಿ ನಡೆಸುವ ಗುಂಪಿನಲ್ಲಿ ಮಕ್ಕಳಿಗೆ ವಾದಿಸಲು ಜೊತೆ ಸಿಗುತ್ತದೆ. ಕಲಿಸುವವರು ಯಾರು, ಯಾವ ಪುಸ್ತಕದಿಂದ ಎಂದು ಮೊದಲೇ ಕೇಳಿಕೊಳ್ಳಿ. ಮನೆಯಿಂದಲೇ ಆನ್‌ಲೈನಿನಲ್ಲಿ ಕಲಿಯುವ ಸೈಬರ್ ಚಾರ್ಟರ್ ಶಾಲೆಗೆ ಸೇರಿಸುವ ಯೋಚನೆಯಿದ್ದರೆ, ಕಾನೂನಿನ ಕಣ್ಣಲ್ಲಿ ಅದು ಸರ್ಕಾರಿ ಶಾಲೆ, ಮನೆಶಾಲೆಯಲ್ಲ ಎಂಬುದು ಗೊತ್ತಿರಲಿ. ಇದೊಂದೇ ವಿಷಯಕ್ಕಾಗಿ ಶಾಲೆಗೆ ಮರಳಿಸುವುದನ್ನು ನಾನು ಹೇಳಲಾರೆ. ಅಲ್ಲಿಯೂ ನಲವತ್ತು ನಿಮಿಷದ ಅವಧಿಯಲ್ಲಿ ರಿವೀರನ ಚಿತ್ರಕ್ಕೆ ಸಿಗುವುದು ಎರಡು ನಿಮಿಷ.

ನನ್ನ ಸಲಹೆ ಮಿಶ್ರ ದಾರಿಯದು. ಇಬ್ಬರಿಗೂ ಒಂದೇ ಪಾಠ, ವಾರಕ್ಕೆ ಮೂರು ದಿನ. ಎರಡು ದಿನ ಸೆಟ್ಟಿನ ಓದು, ಒಂದು ದಿನ ಒಂದೇ ಒಂದು ದಾಖಲೆ. ಮಗ ಬಾಯಲ್ಲಿ ಹೇಳಲಿ, ಮಗಳು ಒಂದು ಪುಟ ಬರೆಯಲಿ. ಇಸವಿಗಳು ಹತ್ತೋ ಹನ್ನೆರಡೋ ಸಾಕು, ಗೋಡೆಯ ಮೇಲೆ ಉದ್ದನೆಯ ಕಾಗದ ಅಂಟಿಸಿ ಅವರೇ ಬರೆದುಕೊಳ್ಳುತ್ತ ಹೋಗಲಿ; ಯಜಮಾನರಿಗೂ ಸಮಾಧಾನವಾದೀತು. ಅನ್ವೇಷಕರ ದೊಡ್ಡ ಪಟ್ಟಿ, ಹದಿಮೂರು ವಸಾಹತುಗಳ ರಾಜಧಾನಿಗಳು, ಯುದ್ಧದ ಪ್ರತಿ ಕದನ ಇವನ್ನು ಧೈರ್ಯವಾಗಿ ಬಿಡಿ.

ಫೈಲಿನ ವಿಚಾರಕ್ಕೆ ಒಂದು ಮಾತು. ಮಗಳು ‘ಸಂಬಳ ಎಷ್ಟಿತ್ತು?’ ಎಂದು ಕೇಳಿದ ದಿನಾಂಕವನ್ನು ನೆನಪಿಸಿಕೊಂಡು ಒಂದು ಹಾಳೆಯ ಮೇಲೆ ಅವಳಿಂದಲೇ ಆ ಪ್ರಶ್ನೆಯನ್ನು ಬರೆಯಿಸಿ, ಕೆಳಗೆ ಅವಳು ಹುಡುಕಿದ ಉತ್ತರಕ್ಕೆ ಜಾಗ ಬಿಡಿ. ಮೇ ತಿಂಗಳಲ್ಲಿ ಅದನ್ನೇ ಮೊದಲ ಪುಟವಾಗಿ ಹಾಕಿ. ಮೌಲ್ಯಮಾಪಕರು ಮೊದಲು ಓದುವುದು ಅದೇ.